ಚಳಿ ಊರಿನ ಗ್ಯಾರೇಜ್ ಬಾಗಿಲು: ಸ್ಕ್ರೂ ಮೋಟಾರ್ ತೆಗೆದು ಬೆಲ್ಟ್ ಹಾಕಿದ್ದು

ನಮ್ಮ ಮನೆ ಮಿನ್ನೆಸೋಟಾದ ಪ್ಲಿಮತ್‌ನಲ್ಲಿದೆ, ಮಿನಿಯಾಪೊಲಿಸ್ ಪಕ್ಕ. 1991ರಲ್ಲಿ ಕಟ್ಟಿದ್ದು. ಮನೆಗೆ ಅಂಟಿಕೊಂಡೇ ಎರಡು ಕಾರಿನ ಗ್ಯಾರೇಜು. ಅದಕ್ಕೆ 16 ಅಡಿ ಅಗಲ, 7 ಅಡಿ ಎತ್ತರದ, ತಗಡಿನ ಒಂದೇ ಬಾಗಿಲು. ಅಡ್ಡ ಹಲಗೆಗಳನ್ನು ಕೀಲಿನಿಂದ ಜೋಡಿಸಿದ್ದು, ಎತ್ತಿದರೆ ಚಾವಣಿಯ ಕೆಳಗೆ ಹೋಗಿ ಮಲಗುತ್ತದೆ. ಮನೆಯ ಜೊತೆಗೇ ಬಂದ ಓಪನರ್, ಅಂದರೆ ಬಟನ್ ಒತ್ತಿದರೆ ಬಾಗಿಲು ತೆಗೆದು ಮುಚ್ಚುವ ಮೋಟಾರ್, ಸ್ಕ್ರೂ ಡ್ರೈವ್ ಜಾತಿಯದು. ಬೇಸಿಗೆಯಲ್ಲಿ ಅದರದ್ದು ಏನೂ ತಕರಾರಿಲ್ಲ. ಸೊನ್ನೆಗಿಂತ 15 ಡಿಗ್ರಿ ಕೆಳಗೆ ಹೋಯಿತೋ, ಬಾಗಿಲು ಅರ್ಧ ಎದ್ದು ನಿಂತುಬಿಡುತ್ತಿತ್ತು. ಮೋಟಾರ್ ಗುಂಯ್ ಅನ್ನುತ್ತದೆ, ದೀಪ ಮಿಣುಕುತ್ತದೆ, ಕಾರು ಒಳಗೇ.

(ಎಲ್ಲವನ್ನೂ ಸೆಲ್ಸಿಯಸ್‌ನಲ್ಲೇ ಬರೆಯುತ್ತೇನೆ. ಇಲ್ಲಿ ಇಷ್ಟು ವರ್ಷ ಇದ್ದರೂ ಫ್ಯಾರನ್‌ಹೀಟ್ ನನ್ನ ತಲೆಗೆ ಹತ್ತಿಲ್ಲ.)

15 ಡಿಗ್ರಿ ಇಲ್ಲಿ ದೊಡ್ಡ ಚಳಿಯೇನಲ್ಲ. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೆ ಇಳಿದಿತ್ತು. ಅಂಥ ದಿನ ವರ್ಷಾ ವರ್ಷಾ ಬರುವುದಿಲ್ಲ, ಸರಿ. ಆದರೆ 20, 25 ಬಂದೇ ಬರುತ್ತದೆ. ಹಾಗಾಗಿ ಹೊಸ ಓಪನರ್ ತರುವುದು ಅಂತ ತೀರ್ಮಾನವಾಯಿತು.

ತೀರ್ಥಹಳ್ಳಿಯ ಗೆಳೆಯನೊಬ್ಬ ಪಕ್ಕದ ಬೀದಿಯಲ್ಲೇ ಇದ್ದಾನೆ. ಅವನ ಸಲಹೆ ಒಂದೇ ಸಾಲಿನದು: "ದೊಡ್ಡ ಮೋಟಾರ್ ಹಾಕ್ಬಿಡು ಮಾರಾಯ, ತಲೆನೋವೇ ಇರಲ್ಲ." ಇಲ್ಲಿ ಅಂಗಡಿಗೆ ಹೋದರೂ ಅದೇ ಮಾತು. ಅರ್ಧ ಹಾರ್ಸ್‌ಪವರ್, ಮುಕ್ಕಾಲು, ಒಂದೂಕಾಲು ಅಂತ ಪೆಟ್ಟಿಗೆ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಚಳಿ ಜಾಸ್ತಿ, ಅದಕ್ಕೆ ಮೋಟಾರೂ ಜಾಸ್ತಿ ಇರಲಿ ಅನ್ನೋದು ಸಹಜ. ಆದರೆ ಈ ಬಾಗಿಲನ್ನು ಎತ್ತುವುದು ಮೋಟಾರೇ ಅಲ್ಲ. ಎತ್ತುವುದು ಸ್ಪ್ರಿಂಗು. ಇನ್ಸುಲೇಷನ್ ಇರುವ ಈ ಅಳತೆಯ ತಗಡಿನ ಬಾಗಿಲು ಸುಮಾರು 70ರಿಂದ 90 ಕೆ.ಜಿ. ತೂಗುತ್ತದೆ. ಬಾಗಿಲ ಮೇಲಿನ ಅಡ್ಡ ಶಾಫ್ಟ್‌ಗೆ ಸುತ್ತಿದ ಸ್ಪ್ರಿಂಗ್‌ಗಳು ಆ ತೂಕವನ್ನು ಹೊತ್ತುಕೊಂಡರೆ, ಮೋಟಾರ್ ಬರೀ ಅಷ್ಟು ದೂರ ತಳ್ಳಬೇಕು, ಎಳೆಯಬೇಕು. ಹಾಗಾಗಿ ಪೆಟ್ಟಿಗೆ ಕೊಳ್ಳುವ ಮೊದಲು ಬಾಗಿಲನ್ನೇ ನೋಡಿದೆ.

ಕೆಂಪು ಹಗ್ಗ ಎಳೆದು ನೋಡಿದ್ದು

ಚಾವಣಿಯಲ್ಲಿರುವ ಓಪನರ್‌ನ ಕಂಬಿಯಿಂದ ಒಂದು ಕೆಂಪು ಹಿಡಿಯ ಹಗ್ಗ ನೇತಾಡುತ್ತಿರುತ್ತದೆ. ಅದನ್ನು ಎಳೆದರೆ ಬಾಗಿಲಿಗೂ ಮೋಟಾರಿಗೂ ಸಂಬಂಧ ಕಳಚುತ್ತದೆ. ಬಾಗಿಲು ಪೂರ್ತಿ ಮುಚ್ಚಿರುವಾಗ ಮಾತ್ರ ಇದನ್ನು ಎಳೆಯಬೇಕು. ಬಾಗಿಲು ಮೇಲಿದ್ದು, ಸ್ಪ್ರಿಂಗ್ ಮುರಿದಿದ್ದರೆ, ಎಳೆದ ಕ್ಷಣಕ್ಕೆ ಇಡೀ ಬಾಗಿಲು ಧೊಪ್ಪನೆ ಕೆಳಗೆ ಬರುತ್ತದೆ.

ಹಗ್ಗ ಎಳೆದು ಕೈಯಲ್ಲಿ ಎತ್ತಿದೆ. ಸೊಂಟದ ಎತ್ತರಕ್ಕೆ ತಂದು ಮೆಲ್ಲಗೆ ಕೈ ಸಡಿಲಿಸಿದೆ. ಸರಿಯಾದ ಬಾಗಿಲು ಅಲ್ಲೇ ನಿಲ್ಲಬೇಕು. ನಮ್ಮದು ಕೆಳಗೆ ಜಾರಿತು, ಅದೂ ಜೋರಾಗಿಯೇ. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಹಿಂದಿನ ಮಾಲೀಕರು ಚಳಿ ತಡೆಯಲಿ ಅಂತ ಬಾಗಿಲ ಒಳಮೈಗೆಲ್ಲ ದಪ್ಪ ಫೋಮ್ ಹಲಗೆ ಅಂಟಿಸಿದ್ದಾರೆ. ಒಳ್ಳೆ ಕೆಲಸವೇ. ಆದರೆ ತೂಕ ಹೆಚ್ಚಿತು, ಸ್ಪ್ರಿಂಗ್ ಹಳೇದೇ ಉಳಿಯಿತು. ಮಿಕ್ಕ ಭಾರವನ್ನೆಲ್ಲ ಪಾಪದ ಮೋಟಾರ್ ಹೊರುತ್ತಿತ್ತು.

ಮಾಮೂಲಿ ಸ್ಪ್ರಿಂಗ್ ಆಯುಸ್ಸು 10,000 ಸಲ ಎನ್ನುವುದು ಇಲ್ಲಿನ ಲೆಕ್ಕ. ಒಂದು ಸಲ ತೆಗೆದು ಹಾಕಿದರೆ ಒಂದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಅಂದುಕೊಳ್ಳಿ, ವರ್ಷಕ್ಕೆ 1,460. ಏಳು ವರ್ಷಕ್ಕೆ ಮುಗಿಯಿತು. ಸ್ವಲ್ಪ ಜಾಸ್ತಿ ಕೊಟ್ಟರೆ 25,000 ಸಲದ ಸ್ಪ್ರಿಂಗ್ ಸಿಗುತ್ತದೆ, ಅದು ಹದಿನೇಳು ವರ್ಷ. ನಾನು ಅದನ್ನೇ ಹಾಕಿಸಿದೆ. ಹಳೇ ಸ್ಪ್ರಿಂಗ್ ಸಾಮಾನ್ಯವಾಗಿ ಪಟ್ ಅನ್ನುವುದು ಕಡು ಚಳಿಯ ಬೆಳಗ್ಗೆಯೇ. ತಣ್ಣಗಾದ ಉಕ್ಕು ಬಾಗುವ ಗುಣ ಕಳೆದುಕೊಳ್ಳುತ್ತದೆ, ಅಷ್ಟರಲ್ಲಿ ಒಳಗೆ ಸಣ್ಣ ಬಿರುಕೂ ಇರುತ್ತದೆ.

"ಹಾಕಿಸಿದೆ" ಅಂದೆ, ಹಾಕಿದೆ ಅನ್ನಲಿಲ್ಲ. ಮಿಕ್ಕಿದ್ದೆಲ್ಲ ಸ್ವಂತ ಕೈಯಿಂದ ಮಾಡಿ, ಈ ಒಂದು ಕೆಲಸ ಬೇಡ. 7 ಅಡಿ ಎತ್ತರದ ಬಾಗಿಲಿಗೆ ಸ್ಪ್ರಿಂಗನ್ನು ಸುಮಾರು ಏಳೂವರೆ ಸುತ್ತು ತಿರುವಿರುತ್ತಾರೆ, ಅಂದರೆ ಕಾಲು ಕಾಲು ಸುತ್ತಿನಂತೆ ಮೂವತ್ತು ಸಲ. ಎರಡು ಉಕ್ಕಿನ ಸರಳುಗಳನ್ನು ಒಂದಾದ ಮೇಲೊಂದು ತೂತಿಗೆ ತೂರಿಸಿ ತಿರುವುತ್ತಾ ಹೋಗುವುದು. ಸರಳು ಕೈ ಜಾರಿತೋ, ಮುಖಕ್ಕೇ ಹೊಡೆತ. ಸ್ಪ್ರಿಂಗ್ ಹಾಕಲು ಬಂದವನು ಏಣಿಯನ್ನು ಸ್ಪ್ರಿಂಗ್‌ನ ನೇರಕ್ಕೆ ಇಡದೆ ಪಕ್ಕಕ್ಕೆ ಇಟ್ಟುಕೊಂಡು, ತಲೆಯನ್ನು ಯಾವಾಗಲೂ ಸರಳಿನ ದಾರಿಯಿಂದ ಆಚೆಗೇ ಹಿಡಿದು ತಿರುವಿದ. ಒಂದು ಸರಳು ತೂತಿನಲ್ಲಿ ಗಟ್ಟಿಯಾಗಿ ಕೂತ ಮೇಲೇ ಇನ್ನೊಂದನ್ನು ಹೊರಗೆ ತೆಗೆಯುತ್ತಿದ್ದ. ಅಷ್ಟು ಹೊತ್ತೂ ಒಂದು ಮಾತಾಡಲಿಲ್ಲ. ಎರಡೂ ಸ್ಪ್ರಿಂಗನ್ನು ಜೊತೆಗೇ ಬದಲಾಯಿಸಿದ. ಒಂದು ಮಾತ್ರ ಬದಲಾಯಿಸಿ ದುಡ್ಡು ಉಳಿಸೋಣ ಅನ್ನುವವರಿದ್ದಾರೆ. ಇನ್ನೊಂದೂ ಅಷ್ಟೇ ವಯಸ್ಸಿನದು ಅಲ್ವಾ?

ಆಮೇಲೆ ಬಾಗಿಲು ಒಂದು ಕೈಯಲ್ಲಿ ಎದ್ದಿತು. ಸೊಂಟದ ಹತ್ತಿರ ಬಿಟ್ಟರೆ ಅಲ್ಲೇ ನಿಂತಿತು. ಹಳೇ ಮೋಟಾರಿಗೆ ಮತ್ತೆ ಸಿಕ್ಕಿಸಿ ನೋಡಿದರೆ ಅದೂ ಪೂರ್ತಿ ಎತ್ತಿತು! ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸದೆ ಇರಲು ಎರಡು ಕಾರಣ. ಒಂದು, ಅದಕ್ಕೆ ನೆಲದ ಹತ್ತಿರ ಇರಬೇಕಾದ ಫೋಟೋ ಸೆನ್ಸರ್ ಇಲ್ಲ. ಮುಚ್ಚುವಾಗ ಯಾರಾದರೂ ಅಡ್ಡ ಬಂದರೆ ಬೆಳಕಿನ ಗೆರೆ ಕಡಿದು ಬಾಗಿಲು ವಾಪಸ್ ಏಳುವಂತೆ ಮಾಡುವ ಜೋಡಿ ಕಣ್ಣು ಅದು. ಅಮೆರಿಕದಲ್ಲಿ 1993ರ ಜನವರಿ 1ರಿಂದ ತಯಾರಾದ ಮನೆ ಓಪನರ್‌ಗಳಿಗೆಲ್ಲ ಅಂಥ ಸೆನ್ಸರ್, ಇಲ್ಲವೇ ಬಾಗಿಲ ಅಂಚಿನಲ್ಲಿ ಅದೇ ಕೆಲಸ ಮಾಡುವ ಪಟ್ಟಿ ಇರಲೇಬೇಕು. ನಮ್ಮದು ಅದಕ್ಕೂ ಹಿಂದಿನದು. ಮನೆಯಲ್ಲಿ ಮಕ್ಕಳಿದ್ದಾರೆ. ಎರಡು, ಸದ್ದು. ಗ್ಯಾರೇಜಿನ ಮೇಲೆಯೇ ಅತಿಥಿಗಳ ಕೋಣೆ. ಮೈಸೂರಿನಿಂದ ಅಮ್ಮ ಬಂದಾಗ ಮಲಗುವುದು ಅಲ್ಲೇ. "ಬೆಳಗಿನ ಜಾವ ಮಂಚದ ಕೆಳಗೆ ಹಿಟ್ಟಿನ ಗಿರಣಿ ಶುರುವಾದ ಹಾಗಾಗತ್ತೆ ಕಣೋ" ಅಂತ ಹೋದ ಸಲವೇ ಅಂದಿದ್ದರು.

ಯಾವುದು ತರುವುದು

ಸ್ಕ್ರೂ ಡ್ರೈವ್ ಮತ್ತೆ ಬೇಡ ಅನ್ನುವುದು ಮೊದಲೇ ಖಾತ್ರಿಯಿತ್ತು. ಉದ್ದ ಉಕ್ಕಿನ ಸರಳಿಗೆ ಸ್ಕ್ರೂಗೆ ಇರುವಂಥ ಮರೆ (ಸುತ್ತು ಗೆರೆ) ಹಾಕಿರುತ್ತಾರೆ, ಅದು ತಿರುಗಿದಂತೆ ಒಂದು ಗಾಡಿ ಮುಂದೆ ಹಿಂದೆ ಓಡುತ್ತದೆ. ಭಾಗಗಳು ಕಮ್ಮಿ, ಗಟ್ಟಿ. ಆದರೆ ಮರೆಯ ಉದ್ದಕ್ಕೂ ಗ್ರೀಸ್ ಇರಬೇಕು, ಆ ಗ್ರೀಸ್ ಚಳಿಗೆ ಗಟ್ಟಿಯಾಗುತ್ತದೆ. ನಮ್ಮದರಲ್ಲಿ ಮೂವತ್ತು ವರ್ಷದ ಗ್ರೀಸು. ಉಗುರಿನಲ್ಲಿ ಕೆರೆದರೆ ಹಳದಿ ಮೇಣ ಬಂದಂತೆ ಸಿಪ್ಪೆ ಸಿಪ್ಪೆ ಬಂತು, ಒಳಗೆ ಮರಳಿನ ಕಣ. ಚಳಿ ಇಲ್ಲದ ಊರಿನವರು ಸ್ಕ್ರೂ ಡ್ರೈವ್ ಇಟ್ಟುಕೊಳ್ಳಲಿ, ನನ್ನ ಅಡ್ಡಿಯಿಲ್ಲ.

ಚೈನ್ ಡ್ರೈವ್ ಅಗ್ಗ, ಬಾಳಿಕೆ ಬರುತ್ತದೆ. ಚಳಿಗೆ ಚೈನ್ ಕುಗ್ಗಿ ಬಿಗಿಯಾಗುತ್ತದೆ ಅನ್ನುವ ಮಾತು ಕೇಳಿದ್ದೆ. ಲೆಕ್ಕ ಹಾಕಿ ನೋಡಿದೆ. ಮೂರು ಮೀಟರ್ ಉದ್ದದ ಉಕ್ಕು 50 ಡಿಗ್ರಿ ತಣ್ಣಗಾದರೆ ಕುಗ್ಗುವುದು 1.8 ಮಿಲಿಮೀಟರ್. ಅದು ಕೂತಿರುವ ಕಂಬಿಯೂ ಉಕ್ಕೇ, ಅದೂ ಅಷ್ಟೇ ಕುಗ್ಗುತ್ತದೆ. ಹಾಗಾಗಿ ಅದೊಂದು ಸಮಸ್ಯೆಯೇ ಅಲ್ಲ. ಸಮಸ್ಯೆ ಸದ್ದು. ಅಮ್ಮನ ಗಿರಣಿ ಹೋಗುವುದಿಲ್ಲ. ಗ್ಯಾರೇಜು ಮನೆಯಿಂದ ದೂರ ಬೇರೆಯಾಗಿ ಇದ್ದಿದ್ದರೆ ಕಣ್ಣು ಮುಚ್ಚಿಕೊಂಡು ಚೈನೇ ತರುತ್ತಿದ್ದೆ.

ನಿಜವಾಗಿ ಆಸೆ ಹುಟ್ಟಿಸಿದ್ದು ಗೋಡೆಗೆ ಹಾಕುವ ಮಾದರಿ. ಇಲ್ಲಿ ಜಾಕ್‌ಶಾಫ್ಟ್ ಅನ್ನುತ್ತಾರೆ. ಚಾವಣಿಯಲ್ಲಿ ಕಂಬಿಯೇ ಇಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ ಕೂತು ಸ್ಪ್ರಿಂಗ್ ಇರುವ ಶಾಫ್ಟನ್ನೇ ತಿರುಗಿಸುತ್ತದೆ. ಮೇಲಿನ ಕೋಣೆಗೆ ಸದ್ದೇ ಹೋಗುವುದಿಲ್ಲ. ಬೆಲೆ ಬೆಲ್ಟ್ ಮಾದರಿಯ ಹತ್ತಿರ ಹತ್ತಿರ ಎರಡರಷ್ಟು. ಕೊಡೋಣ ಅಂತಲೇ ಇದ್ದೆ.

ಆದರೆ ಅದು ಕೆಲಸ ಮಾಡುವ ಬಗೆ ನೋಡಿ. ಬಾಗಿಲ ಬುಡಕ್ಕೆ ಕಟ್ಟಿದ ಉಕ್ಕಿನ ಹಗ್ಗ, ಅಂದರೆ ಕೇಬಲ್, ಶಾಫ್ಟಿನ ತುದಿಯ ಡ್ರಮ್‌ಗೆ ಹೋಗುತ್ತದೆ. ಬಾಗಿಲನ್ನು ಮೇಲೆತ್ತುವಾಗ ಅದು ಆ ಕೇಬಲ್ ಸುತ್ತಿಕೊಳ್ಳುತ್ತದೆ. ಇಳಿಸುವಾಗ ಕೇಬಲ್ ಬಿಡುತ್ತದೆ, ಅಷ್ಟೇ. ಬಾಗಿಲನ್ನು ಕೆಳಗೆ ತಳ್ಳುವುದಿಲ್ಲ. ಬಾಗಿಲು ತನ್ನ ತೂಕಕ್ಕೆ ತಾನೇ ಇಳಿಯಬೇಕು. ಪೂರ್ತಿ ತೆರೆದಾಗ ನಮ್ಮ ಬಾಗಿಲು ಚಾವಣಿಗೆ ಸಮವಾಗಿ ಮಲಗಿರುತ್ತದೆ, ಆಗ ಅದನ್ನು ಮುಂದಕ್ಕೆ ಎಳೆಯುವ ತೂಕ ತೀರಾ ಕಮ್ಮಿ. 25 ಡಿಗ್ರಿ ಚಳಿಯಲ್ಲಿ ಬಾಗಿಲ ಅಂಚಿನ ಪುಟ್ಟ ಚಕ್ರಗಳು, ಅಂದರೆ ರೋಲರ್, ಬಿಗಿಯಾಗಿ, ಪಕ್ಕದ ರಬ್ಬರ್ ಪಟ್ಟಿ ಗಟ್ಟಿಯಾಗಿ ಹಿಡಿದುಕೊಂಡರೆ ಬಾಗಿಲು ಕದಲುವುದಿಲ್ಲ. ಮೋಟಾರ್ ಮಾತ್ರ ಕೇಬಲ್ ಬಿಡುತ್ತಲೇ ಇರುತ್ತದೆ. ಕೇಬಲ್ ಸಡಿಲವಾಗಿ ಡ್ರಮ್‌ನಿಂದ ಹಾರಿದರೆ ಬಾಗಿಲು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಈ ಮಾದರಿಯ ಜೊತೆ ಕೇಬಲ್ ಸಡಿಲವಾದರೆ ಮೋಟಾರ್ ನಿಲ್ಲಿಸುವ ಒಂದು ಸಾಧನ ಕೊಡುತ್ತಾರೆ. ಒಳ್ಳೆಯದೇ, ಆದರೆ ಆಗಲೂ ಬಾಗಿಲು ಮುಚ್ಚಿಲ್ಲ ತಾನೇ? ರಾತ್ರಿ ಅರ್ಧ ತೆರೆದ ಗ್ಯಾರೇಜು ಅಂದರೆ ಒಳಗಿನ ನೀರಿನ ಪೈಪಿಗೇ ಅಪಾಯ. ರೋಲರ್ ಓಡುವ ಟ್ರ್ಯಾಕ್ ಹಿಂದಕ್ಕೆ ಎತ್ತರವಾಗುತ್ತಾ ಹೋಗುವ ಗ್ಯಾರೇಜಿನಲ್ಲಿ, ಇಲ್ಲವೇ ಹೀಟರ್ ಇರುವ ಕಡೆ ಇದು ಬಹಳ ಚೆನ್ನ. ನನ್ನ ಹಳೇ, ಹೀಟರ್ ಇಲ್ಲದ ಗ್ಯಾರೇಜಿಗೆ ಒಗ್ಗುವುದಿಲ್ಲ ಅನ್ನಿಸಿತು.

ಕೊನೆಗೆ ಉಳಿದದ್ದು ಬೆಲ್ಟ್. ಉಕ್ಕಿನ ಎಳೆ ಸೇರಿಸಿದ ರಬ್ಬರ್ ಬೆಲ್ಟ್, ಡಿಸಿ ಮೋಟಾರ್, ಮುಕ್ಕಾಲು ಹಾರ್ಸ್‌ಪವರ್‌ಗೆ ಸಮ. ಚಾವಣಿಯ ಕಂಬಿಯ ಮೇಲೆ ಗಾಡಿ, ಗಾಡಿಯಿಂದ ಬಾಗಿಲಿಗೆ ತೋಳು. ಎಳೆಯುತ್ತದೆ, ತಳ್ಳುತ್ತದೆ ಕೂಡ. ಡಿಸಿ ಮೋಟಾರಿನ ಲಾಭ ಅಂದರೆ ಅದು ನಿಧಾನವಾಗಿ ಶುರುವಾಗಿ ನಿಧಾನವಾಗಿ ನಿಲ್ಲುತ್ತದೆ. ಚಳಿಗೆ ಬಿಗಿದುಕೊಂಡ ಬಾಗಿಲಿಗೆ ಆ ಮೊದಲ ಜರ್ಕ್ ಇಲ್ಲದಿರುವುದೇ ದೊಡ್ಡ ಉಪಕಾರ.

ಒಂದೂಕಾಲು ಹಾರ್ಸ್‌ಪವರ್ ಯಾಕೆ ಬೇಡ? ಕೆಳಗಿನ ರಬ್ಬರ್ ಪಟ್ಟಿ ನೆಲಕ್ಕೆ ಹೆಪ್ಪುಗಟ್ಟಿ ಅಂಟಿಕೊಂಡ ಬೆಳಗ್ಗೆ ಬಲವಾದ ಮೋಟಾರ್ ಸುಮ್ನೆ ಬಿಡುವುದಿಲ್ಲ. ಮೊದಲು ರಬ್ಬರನ್ನು ಹರಿಯುತ್ತದೆ. ರಬ್ಬರ್ ಹರಿಯದಿದ್ದರೆ ತೋಳು ಸಿಕ್ಕಿಸಿರುವ ಮೇಲಿನ ತಗಡನ್ನು ಬಗ್ಗಿಸುತ್ತದೆ. ಆ ಬೆಳಗ್ಗೆ ನನಗೆ ಬೇಕಾದದ್ದು ತಟ್ಟನೆ ನಿಂತುಬಿಡುವ ಮೋಟಾರು.

ಬ್ಯಾಟರಿ ಬ್ಯಾಕಪ್ ಇರುವುದನ್ನೇ ತಂದೆ. ಕ್ಯಾಲಿಫೋರ್ನಿಯಾದಲ್ಲಿ 2017ರ ಕಾಳ್ಗಿಚ್ಚಿನ ಹೊತ್ತಿಗೆ ಕರೆಂಟ್ ಹೋಗಿ ಬಾಗಿಲು ತೆಗೆಯಲಾಗದೆ ಜನ ಒದ್ದಾಡಿದರು. ಆಮೇಲೆ ಅಲ್ಲಿ 2019ರ ಜುಲೈ 1ರಿಂದ ಇದನ್ನು ಕಾನೂನೇ ಮಾಡಿದರು. ಇಲ್ಲಿ ಬೆಂಕಿಯಲ್ಲ, ಹಿಮಗಾಳಿ. ಆದರೆ ಚಳಿಯಲ್ಲಿ ಆ ಬ್ಯಾಟರಿಯನ್ನು ತೀರಾ ನಂಬಬೇಡಿ. ಸೀಸದ ಬ್ಯಾಟರಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ತನ್ನ ಶಕ್ತಿಯ ಅರ್ಧದಷ್ಟನ್ನೇ ಕೊಡುತ್ತದೆ. ಕೆಂಪು ಹಗ್ಗ ಎಲ್ಲಿದೆ, ಹೇಗೆ ಎಳೆಯುವುದು ಅಂತ ಮನೆಯವರಿಗೆಲ್ಲ ತೋರಿಸಿಟ್ಟಿರುವುದು ಹೆಚ್ಚು ಉಪಯೋಗ.

ಓಪನರ್‌ಗಿಂತ ಮೊದಲು ರೋಲರ್, ರಬ್ಬರ್

ಪೆಟ್ಟಿಗೆ ಮೂಲೆಯಲ್ಲಿ ಬಿದ್ದಿರಲಿ ಅಂತ ಬಿಟ್ಟು ಈ ಕೆಲಸ ಮುಗಿಸಿದೆ. ಇಲ್ಲಿ ರಸ್ತೆಗೆ ಚಳಿಗಾಲವಿಡೀ ಉಪ್ಪು ಸುರಿಯುತ್ತಾರೆ. ಕಾರಿನ ಚಕ್ರದ ಸಂದಿಯಲ್ಲಿ ಕೂತ ಹಿಮದ ಮುದ್ದೆ ಗ್ಯಾರೇಜಿಗೆ ಬಂದು ಕರಗುತ್ತದೆ, ಉಪ್ಪು ನೀರು ಎಲ್ಲೆಲ್ಲೂ. ಕಬ್ಬಿಣದ ರೋಲರ್‌ಗಳ ಬೇರಿಂಗ್ ತುಕ್ಕು ಹಿಡಿದು, ಕೆಲವು ತಿರುಗುವುದನ್ನೇ ಬಿಟ್ಟು ಟ್ರ್ಯಾಕಿನಲ್ಲಿ ಉಜ್ಜಿಕೊಂಡು ಹೋಗುತ್ತಿದ್ದವು. ಮುಚ್ಚಿದ ಬೇರಿಂಗ್ ಇರುವ ನೈಲಾನ್ ರೋಲರ್ ಹಾಕಿದೆ. ಒಂದು ಎಚ್ಚರಿಕೆ: ತೀರಾ ಕೆಳಗಿನ ಎರಡು ಬ್ರಾಕೆಟ್‌ಗಳಿಗೆ ಕೇಬಲ್ ಕಟ್ಟಿರುತ್ತದೆ, ಅದರಲ್ಲಿ ಸ್ಪ್ರಿಂಗಿನ ಬಿಗಿತವೆಲ್ಲ ಇರುತ್ತದೆ. ಆ ಬೋಲ್ಟ್ ಮುಟ್ಟಬೇಡಿ. ಸ್ಪ್ರಿಂಗ್‌ನವನು ಬಂದಾಗಲೇ ಆ ಎರಡನ್ನು ಮಾಡಿಸಿಕೊಳ್ಳಿ.

ಟ್ರ್ಯಾಕಿನ ಒಳಗೆ ಗ್ರೀಸ್ ಬಳಿಯುವವರೇ ಜಾಸ್ತಿ. ಬೇಡವೇ ಬೇಡ. ಅಲ್ಲಿ ಧೂಳು ಹಿಡಿದು, ಚಳಿಗೆ ಅಂಟಾಗಿ, ರೋಲರ್ ಓಡುವುದಿಲ್ಲ. ಬಟ್ಟೆಯಲ್ಲಿ ಒರೆಸಿ ಒಣಗಿಸಿಟ್ಟರೆ ಸಾಕು. ಕೀಲುಗಳಿಗೆ, ಸ್ಪ್ರಿಂಗ್ ಮೈಗೆ ಚಳಿಗೆ ಗಟ್ಟಿಯಾಗದ ಸಿಂಥೆಟಿಕ್ ಸ್ಪ್ರೇ ತೆಳ್ಳಗೆ ಹೊಡೆದೆ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯುಡಿ-40ಯ ಮಾಮೂಲಿ ಡಬ್ಬಿ ತುಕ್ಕು, ಹಳೇ ಜಿಡ್ಡು ತೊಳೆಯಲು ಸರಿ. ಗ್ರೀಸಿನ ಜಾಗಕ್ಕೆ ಅಲ್ಲ.

ಕೆಳಗಿನ ರಬ್ಬರ್ ಪಟ್ಟಿಯದ್ದು ಬೇರೆಯೇ ಕಥೆ. ಗ್ಯಾರೇಜಿನ ನೆಲ ಬಾಗಿಲ ಕಡೆಗೆ ಇಳಿಜಾರಾಗಿರುತ್ತದೆ, ನೀರು ಆಚೆ ಹೋಗಲಿ ಅಂತ. ಸಂಜೆ ಕರಗಿದ ನೀರು ಹರಿದು ಬಾಗಿಲ ಬುಡದಲ್ಲಿ ನಿಲ್ಲುತ್ತದೆ. ರಾತ್ರಿ ಐಸ್ ಆಗಿ ರಬ್ಬರನ್ನು ಹಿಡಿದುಕೊಳ್ಳುತ್ತದೆ. ಹಳೇ ಪಟ್ಟಿ ವಿನೈಲ್, ಮರದ ಹಾಗೆ ಸೆಟೆದು ನಿಂತಿತ್ತು. ಇಪಿಡಿಎಂ ರಬ್ಬರ್ ತಂದೆ, ಅದು 40 ಡಿಗ್ರಿ ಚಳಿಯಲ್ಲೂ ಮೆತ್ತಗಿರುತ್ತದೆ. ಬಾಗಿಲ ಕೆಳಂಚಿನ ಅಲ್ಯೂಮಿನಿಯಂ ಪಟ್ಟಿಯ ಸೀಳಿನಲ್ಲಿ ಹಳೇದನ್ನು ಎಳೆದು ಹೊಸದನ್ನು ತೂರಿಸುವುದು. 16 ಅಡಿ ಉದ್ದ ಒಬ್ಬರಿಂದ ಆಗುವುದಿಲ್ಲ. ಸೋಪಿನ ನೀರು ಹಚ್ಚಿ, ಗೆಳೆಯ ಒಂದು ತುದಿಯಿಂದ ತುರುಕುತ್ತಾ ಹೋದ, ನಾನು ಇನ್ನೊಂದು ತುದಿಯಿಂದ ಎಳೆದೆ. ಮೇಲೆ ಸಿಲಿಕೋನ್ ಸ್ಪ್ರೇ. ಇಷ್ಟಾದರೂ ರಾತ್ರಿ ಮಲಗುವ ಮುಂಚೆ ಬಾಗಿಲ ಬುಡದ ನೀರನ್ನು ವೈಪರ್‌ನಲ್ಲಿ ಆಚೆ ತಳ್ಳಿಬಿಡುವುದಕ್ಕೆ ಸಮ ಯಾವುದೂ ಇಲ್ಲ.

ಅಂಟಿಕೊಂಡೇಬಿಟ್ಟರೆ ಬಟನ್ ಮತ್ತೆ ಮತ್ತೆ ಒತ್ತಬೇಡಿ. ಹೇರ್ ಡ್ರೈಯರ್, ಪ್ಲಾಸ್ಟಿಕ್ ಸ್ಕ್ರೇಪರ್ ಹಿಡಿದು ಕೂರಿ. ಬಿಸಿನೀರು ಹೊಯ್ದರೆ ಬಿಡುತ್ತದೆ ನಿಜ, ಒರೆಸದೆ ಬಿಟ್ಟರೆ ಇನ್ನೂ ಗಟ್ಟಿಯಾಗಿ ಅಂಟುತ್ತದೆ.

ಕೂರಿಸಿದ್ದು

ಇದರಲ್ಲಿ ಹೇಳುವುದು ಅಷ್ಟೇನಿಲ್ಲ, ಪೆಟ್ಟಿಗೆಯಲ್ಲಿ ಬರುವ ಪುಸ್ತಕವೇ ಸಾಕು. ಎರಡು ಜಾಗದಲ್ಲಿ ಮಾತ್ರ ನಿಧಾನಿಸಿ.

ಬಾಗಿಲ ಮೇಲಿನ ಗೋಡೆಗೆ ಕಂಬಿಯ ಮುಂದಿನ ತುದಿ ಕೂರಿಸಬೇಕು. ಎತ್ತರವನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ. ಬಾಗಿಲನ್ನು ಕೈಯಲ್ಲಿ ಎತ್ತುತ್ತಾ ಅದರ ಮೇಲಂಚು ಅತಿ ಎತ್ತರಕ್ಕೆ ಬರುವ ಜಾಗ ಗುರುತು ಮಾಡಿ, ಅಲ್ಲಿಂದ 5 ಸೆಂಟಿಮೀಟರ್ ಮೇಲೆ. ಬರೀ ಗೋಡೆಯ ಜಿಪ್ಸಮ್ ಹಲಗೆಗಲ್ಲ, ಒಳಗಿನ ಮರಕ್ಕೇ ಲ್ಯಾಗ್ ಬೋಲ್ಟ್ (ಮರಕ್ಕೆ ಹಾಕುವ ದಪ್ಪ ಸ್ಕ್ರೂ) ಹೋಗಬೇಕು. ಬಾಗಿಲ ಮೇಲಿನ ತಗಡಿಗೆ ತೋಳು ಸಿಕ್ಕಿಸುವ ಕಡೆ ಉದ್ದಕ್ಕೆ ಒಂದು ಉಕ್ಕಿನ ಪಟ್ಟಿ ಹಾಕಿದೆ. ತಗಡಿಗೆ ನೇರ ಸ್ಕ್ರೂ ಹೊಡೆದರೆ ಕೆಲವೇ ವರ್ಷಕ್ಕೆ ಕಿತ್ತುಬರುತ್ತದೆ. ಮೋಟಾರಿನ ಪೆಟ್ಟಿಗೆಯನ್ನು ಚಾವಣಿಯ ತೊಲೆಗೆ ತೂತಿನ ಆಂಗಲ್‌ನಿಂದ ತೂಗು ಹಾಕಿ, ನಡುವೆ ರಬ್ಬರ್ ಬಿಲ್ಲೆ ಇಟ್ಟೆ. ಅಮ್ಮನ ಕೋಣೆಗೆ ಬೆಲ್ಟ್‌ನಷ್ಟೇ ಉಪಕಾರ ಮಾಡಿದ್ದು ಈ ಬಿಲ್ಲೆ.

ಎರಡನೆಯದು ಫೋಟೋ ಸೆನ್ಸರ್. ನೆಲದಿಂದ 15 ಸೆಂಟಿಮೀಟರ್‌ಗಿಂತ ಮೇಲೆ ಇರಬಾರದು. ತೀರಾ ಕೆಳಗೆ ಹಾಕಿದರೆ ಹಿಮದ ಮುದ್ದೆ ಅಡ್ಡ ಬರುತ್ತದೆ. ಹಾಗಾಗಿ ಆ ಮಿತಿಗೆ ತಾಗಿಸಿಯೇ ಹಾಕಿದೆ. ನಮ್ಮ ಬಾಗಿಲು ಪಶ್ಚಿಮಕ್ಕೆ. ಚಳಿಗಾಲದಲ್ಲಿ ಸೂರ್ಯ ಕೆಳಗೇ ಇರುತ್ತಾನೆ, ಸಂಜೆ ಬಿಸಿಲು ನೇರ ಸೆನ್ಸರ್ ಕಣ್ಣಿಗೆ ಬೀಳುತ್ತದೆ. ಬೆಳಕು ಕಳಿಸುವ ಕಣ್ಣು ಬಿಸಿಲಿನ ಕಡೆ, ಹಿಡಿಯುವ ಕಣ್ಣು ನೆರಳಿನ ಕಡೆ ಹಾಕಿದ್ದರಿಂದ ಆ ಕಾಟ ತಪ್ಪಿತು. ಬೆಳಗ್ಗೆ ಗಾಜಿನ ಮೇಲೆ ಹಿಮದ ಪೊರೆ ಕೂತರೆ ಬಾಗಿಲು ಮುಚ್ಚುವುದಿಲ್ಲ, ಬೆರಳಲ್ಲಿ ಒರೆಸಿದರೆ ಸರಿ.

ರಿಮೋಟ್ ಹತ್ತಿರ ಬಂದರೆ ಮಾತ್ರ ಕೆಲಸ ಮಾಡುತ್ತಿದೆ ಅನ್ನಿಸಿದರೆ ಮೋಟಾರಿನ ಬಲ್ಬ್ ಬಿಚ್ಚಿ ನೋಡಿ. ಅಗ್ಗದ ಎಲ್‌ಇಡಿ ಬಲ್ಬ್ ರೇಡಿಯೋಗೆ ಅಡ್ಡಿ ಮಾಡುತ್ತದೆ. ಅದೂ ಅಲ್ಲವಾದರೆ ಕಾರಿನಲ್ಲಿ ತಣ್ಣಗೆ ಕೂತ ರಿಮೋಟಿನ ಸೆಲ್.

ಬಲ ಹೊಂದಿಸಿದ್ದು, ಎರಡು ಸಲ

ಹೊಸ ಓಪನರ್‌ಗಳು ಎಲ್ಲಿ ನಿಲ್ಲಬೇಕು, ಎಷ್ಟು ಬಲ ಹಾಕಬೇಕು ಅನ್ನುವುದನ್ನು ಒಮ್ಮೆ ಮೇಲೆ ಕೆಳಗೆ ಓಡಿಸಿದಾಗ ಕಲಿತುಕೊಳ್ಳುತ್ತವೆ. ನಾನು ಕೂರಿಸಿದ್ದು ಅಕ್ಟೋಬರ್‌ನಲ್ಲಿ, ಹಿತವಾದ ಹವೆ. ಜನವರಿಯಲ್ಲಿ ಹೊರಗೆ 24 ಡಿಗ್ರಿ ಕೆಳಗೆ, ಗ್ಯಾರೇಜಿನೊಳಗೆ 9 ಡಿಗ್ರಿ ಕೆಳಗೆ ಇದ್ದ ಬೆಳಗ್ಗೆ, ಮುಚ್ಚುತ್ತಿದ್ದ ಬಾಗಿಲು ನೆಲ ಮುಟ್ಟುವ ಮುಂಚೆ ವಾಪಸ್ ಎದ್ದಿತು. ಅದು ಕೆಟ್ಟಿಲ್ಲ. ಅಕ್ಟೋಬರ್‌ನಲ್ಲಿ ಕಲಿತ ಬಲಕ್ಕಿಂತ ಈಗ ಜಾಸ್ತಿ ಬೇಕಾಗಿದೆ, ಏನೋ ಅಡ್ಡ ಬಂತು ಅಂದುಕೊಂಡಿದೆ. ಅಂಥ ಚಳಿಯಲ್ಲೇ ಮತ್ತೆ ಕಲಿಸಿದೆ. ಕೆಳಗಿನ ಮಿತಿಯನ್ನೂ ಸ್ವಲ್ಪ ಸಡಿಲಿಸಿ, ರಬ್ಬರ್ ನೆಲಕ್ಕೆ ಮೆತ್ತಗೆ ಒತ್ತುವಷ್ಟಕ್ಕೆ ನಿಲ್ಲಿಸಿದೆ.

ಕಲಿಸಿದ ಮೇಲೆ ಪರೀಕ್ಷೆ ಮಾಡದೆ ಬಿಡಬೇಡಿ. ಟೂ-ಬೈ-ಫೋರ್ ಮರದ ತುಂಡನ್ನು ಬಾಗಿಲ ಕೆಳಗೆ ಮಲಗಿಸಿ ಇಡಿ, ಅದರ ದಪ್ಪ ಒಂದೂವರೆ ಇಂಚು. ಮುಚ್ಚುವ ಬಾಗಿಲು ಅದನ್ನು ಮುಟ್ಟಿದ ತಕ್ಷಣ ತಿರುಗಿ ಮೇಲೆ ಹೋಗಬೇಕು. ಹೋಗದಿದ್ದರೆ ಬಲ ಅತಿಯಾಗಿದೆ, ಇಲ್ಲವೇ ಕೆಳಗಿನ ಮಿತಿ ತಪ್ಪಿದೆ. ನಮ್ಮದು ಹೋಯಿತು. ತಿಂಗಳಿಗೊಮ್ಮೆ ಇದನ್ನು ಮಾಡುತ್ತೇನೆ, ಮರದ ತುಂಡು ಬಾಗಿಲ ಪಕ್ಕದಲ್ಲೇ ಮೊಳೆಗೆ ನೇತು ಹಾಕಿದೆ. ಏಪ್ರಿಲ್ ಬಂದಾಗ ಒಮ್ಮೆ ಮತ್ತೆ ಕಲಿಸಬೇಕು, ಚಳಿಯ ಬಲ ಬೇಸಿಗೆಯಲ್ಲಿ ಉಳಿಯಬಾರದು.

ಇನ್ನು ಬಾಕಿ ಇರುವುದು ಪಕ್ಕದ ರಬ್ಬರ್ ಪಟ್ಟಿಗಳು, ಮತ್ತೆ ಬಲಗಡೆ ಮೂಲೆಯಲ್ಲಿ ನೆಲದ ಕಾಂಕ್ರೀಟ್ ಕುಸಿದಿರುವುದು. ಅಲ್ಲಿ ಬೆರಳು ತೂರುವಷ್ಟು ಸಂದಿ, ಹಿಮದ ಪುಡಿ ಒಳಗೆ ಬರುತ್ತದೆ. ಕಾಂಕ್ರೀಟ್ ಕೆಲಸ ಮೇ ತಿಂಗಳವರೆಗೆ ಆಗುವುದಿಲ್ಲ, ಅಲ್ಲಿಯವರೆಗೆ ಫೋಮ್ ತುಂಡು ತುರುಕಿದ್ದೇನೆ. ಹಳೇ ಸ್ಕ್ರೂ ಮೋಟಾರನ್ನು ಗೆಳೆಯ ಬಿಡಿಭಾಗಕ್ಕೆ ಅಂತ ತೆಗೆದುಕೊಂಡು ಹೋದ. ಅವನ ಬಾಗಿಲ ಸ್ಪ್ರಿಂಗ್ ಒಮ್ಮೆ ನೋಡು ಅಂದಿದ್ದೇನೆ, ಇನ್ನೂ ನೋಡಿಲ್ಲ.